ಬಿಸಿಲಿನ ಮಾತ್ರೆ

ನಲವತ್ತೊಂದನೆಯ ನಂಬರಿನ ಚೀಟಿಯನ್ನು ಅವಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಅದೀಗ ಹಳೆ ಬಟ್ಟೆಯ ಚೂರಿನಷ್ಟು ಮೆತ್ತಗಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಎರಡೇ ಬೆಂಚು, ಒಂದರ ಕಾಲು ಗಿಡ್ಡ. ಗಿಡ್ಡ ಕಾಲಿನದರಲ್ಲೇ ಜಾಗವಿದ್ದುದರಿಂದ ಅದರ ತುದಿಯಲ್ಲಿ, ಆ ಕಡೆಯವರು ಥಟ್ಟನೆ ಎದ್ದರೂ ತಾನು ಮಗುಚದ ಹಾಗೆ ಪಾದ ಊರಿಕೊಂಡು ಕೂತಿದ್ದಳು. ತೊಡೆಯ ಮೇಲೆ ಚೀಲ. ಚೀಲದೊಳಗೆ ನಾದಿನಿಯ ಹಳದಿ ಕಾರ್ಡು, ಕಾರ್ಡಿನ ಮಡಿಕೆಯೊಳಗೆ ಮಾತ್ರೆಯ ಪಟ್ಟಿ. ಎಂಟು ಮಾತ್ರೆಗಳ ಪಟ್ಟಿಯಲ್ಲಿ ಏಳು ಮನೆ ಒಡೆದು, ಬೆಳ್ಳಿ ಕಾಗದ ಹರಿದು ಬಾಯಿ ಬಿಟ್ಟಿದ್ದವು. ಎಂಟನೆಯದರಲ್ಲಿ ಜೇನಿನ ಬಣ್ಣದ ಮಾತ್ರೆ ಹಾಗೇ ಕೂತಿತ್ತು. ಚೀಲದ ಮೇಲಿಂದಲೇ ಬೆರಳೊತ್ತಿ ಅದು ಇದೆಯೋ ಇಲ್ಲವೋ ಎಂದು ನೋಡುವುದು, ಇದೆ ಎಂದು ತಿಳಿದ ಮೇಲೂ ಸಮಾಧಾನವಾಗದೆ ಮತ್ತೆ ಒತ್ತಿ ನೋಡುವುದು, ಬೆಳಗಿನಿಂದ ಇದೇ ನಡೆದಿತ್ತು. ಏಳರಲ್ಲಿ ನಾಲ್ಕು ಅವಳ ಹೊಟ್ಟೆಗೆ, ಮೂರು ನನ್ನ ಹೊಟ್ಟೆಗೆ. ಹೇಳಿಬಿಡಬೇಕು. ಕೂತ ತಕ್ಷಣವೇ ಹೇಳಿಬಿಡಬೇಕು, ಡಾಕ್ಟರಮ್ಮ ಏನಾದರೂ ಕೇಳುವುದಕ್ಕೆ ಮೊದಲೇ. ಬೈದರೆ ಬೈಯಲಿ. ಎಲ್ಲರೆದುರಿಗೆ ಬೈದರೆ ಇನ್ನೂ ಒಳ್ಳೆಯದು.

ಈ ಎರಡು ತಿಂಗಳಲ್ಲಿ ಯಾರೊಬ್ಬರೂ ಅವಳನ್ನು ಬೈದಿರಲಿಲ್ಲ. ಅದೇ ಕಷ್ಟವಾಗಿತ್ತು. ಅಣಬೆ ಬೆಳೆಯುವ ಶೆಡ್ಡಿನಲ್ಲಿ ಅವಳ ಜೊತೆ ಕೆಲಸ ಮಾಡುವ ಹೆಂಗಸರು ಮನೆಗೆ ಬಂದು, ಗೋಡೆಗೊರಗಿ ಸಾಲಾಗಿ ಕೂತು, ಅವಳ ಕೈ ಹಿಡಿದುಕೊಂಡು, "ಹೆತ್ತ ತಾಯೀನೂ ಹೀಗೆ ನೋಡ್ಕೊಳ್ತಿರಲಿಲ್ಲ ಕಣೇ, ನಾದಿನೀನ ನೀನು ನೋಡ್ಕೊಂಡ ಹಾಗೆ" ಅಂದಿದ್ದರು. ಆ ಮಾತು ಮುಗಿಯುವಾಗ ಅವಳಿಗೆ ಎದ್ದು ಹೋಗಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತ್ತು. ಗಂಡನಂತೂ ಮೊದಲ ಹತ್ತು ದಿನ ಏನೂ ಆಡಿರಲಿಲ್ಲ. ಹನ್ನೊಂದನೆಯ ದಿನ ತಟ್ಟೆಯ ಮುಂದೆ ಕೂತವನು ಕಲಸಿದ ತುತ್ತನ್ನು ಹಾಗೇ ಬಿಟ್ಟು, "ಚೀಲ ಎತ್ತಮ್ಮಾ ಬೇಗ ಅಂತ ಕೂಗಿದ್ದು ನಾನೇ ಅಲ್ವಾ" ಎಂದ. ಅವಳನ್ನು ಕೇಳಿದ್ದೋ, ತಟ್ಟೆಯನ್ನು ಕೇಳಿದ್ದೋ ತಿಳಿಯಲಿಲ್ಲ. "ನೀವು ಕೂಗಿದ್ದು ಎಲ್ಲಾರಿಗೂ" ಎಂದಳು. "ಅವಳೂ ಎಲ್ಲಾರಲ್ಲಿ ಇದ್ಲಲ್ಲ" ಎಂದ. ಆಮೇಲೆ ದಿನಕ್ಕೊಮ್ಮೆಯಾದರೂ ಆ ಮಾತು ಬರತೊಡಗಿತು. ಚಪ್ಪಲಿ ಹಾಕುವಾಗ, ಮುಖ ಒರೆಸಿಕೊಳ್ಳುವಾಗ, ಏನೋ ಮರೆತು ಬಂದವನಂತೆ ಬಾಗಿಲಲ್ಲಿ ನಿಂತು. ನಾದಿನಿಗೆ ಪೀಪಿ ಎಂದು ಹೆಸರಿಟ್ಟವನೂ ಅವನೇ. ನಾಲ್ಕು ವರ್ಷದ ತಂಗಿಯ ಎದೆ ಉಸಿರೆಳೆದಾಗಲೆಲ್ಲ ಆಟದ ಪೀಪಿಯ ಹಾಗೆ ಸಿಳ್ಳೆ ಹಾಕುತ್ತದೆಂದು ಹನ್ನೆರಡು ವರ್ಷದ ಅಣ್ಣ ಇಟ್ಟ ಹೆಸರು ಅದು. ಮನೆಯಲ್ಲಿ, ಬೀದಿಯಲ್ಲಿ, ಶೆಡ್ಡಿನ ಹಾಜರಿ ಹಲಗೆಯಲ್ಲಿ ಕೂಡ ಅವಳು ಪೀಪಿಯೇ ಆದಳು. ಈಗ ಅವನು ಆ ಹೆಸರು ಹೇಳುವುದಿಲ್ಲ. ಶೆಡ್ಡಿನಲ್ಲಿ, ಅಣಬೆಯ ಚೀಲಕ್ಕೆ ತುಂಬುವ ಹುಲ್ಲು ಬೇಯಿಸುವ ಹಬೆಯ ಡ್ರಮ್ಮಿನ ಹತ್ತಿರ ಅವನ ಕೆಲಸ. ಹಬೆ ಸೀಟಿ ಹೊಡೆಯುವ ಮೊದಲೇ ಓಡಿಹೋಗಿ ತಿರುಪು ಸಡಿಲಿಸುತ್ತಾನೆ ಎಂದು ಹೆಂಗಸರು ಹೇಳುತ್ತಿದ್ದರು.

"ಮೂವತ್ತೆಂಟು!" ಎಂದು ಒಳಗಿನಿಂದ ಕೂಗು ಬಂತು. ಒಬ್ಬ ಮುದುಕ ಎದ್ದ, ಬೆಂಚು ಕುಂಟಿತು, ಅವಳು ಪಾದ ಊರಿದಳು. ಎದುರಿನ ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಚಾಪೆಯಷ್ಟಗಲ ಬಿದ್ದಿತ್ತು, ಅದರಲ್ಲಿ ಧೂಳು ಏಳುತ್ತ ಇಳಿಯುತ್ತ ಇತ್ತು. ಶೆಡ್ಡಿನಲ್ಲಿ ಏಳುವುದು ಧೂಳಲ್ಲ. ಚಿಪ್ಪಣಬೆಯ ಅಂಚು ಕೆಳಮುಖವಾಗಿ ಬಾಗಿರುವಾಗಲೇ ಕಿತ್ತುಬಿಡಬೇಕು. ಅಂಚು ಮೇಲಕ್ಕೆ ತಿರುಗಿತೋ, ಕೆಳಗಿನ ಸೀಳುಗಳಿಂದ ಬಿಳಿ ಹುಡಿ ಹೊಗೆಯ ಹಾಗೆ ಸುರಿಯುತ್ತದೆ, ತಲೆಗೆ ಕಟ್ಟಿದ ಬ್ಯಾಟರಿಯ ಬೆಳಕಿನಲ್ಲಿ ಸುತ್ತುತ್ತದೆ, ಕೆಳಗೆ ತೂಗುವ ಹುಲ್ಲಿನ ಚೀಲಗಳ ಮೇಲೆ, ರೆಪ್ಪೆಯ ಮೇಲೆ, ಮೂಗಿನ ಒಳಗೆ ಕೂರುತ್ತದೆ. ಆರು ಕೋಣೆ. ಆರರ ಕಿಟಕಿಗೂ ಕಪ್ಪು ಹಾಳೆ. ಸೂರ್ಯ ಹುಟ್ಟುವ ಮೊದಲು ಒಳಗೆ ಹೋದರೆ ಹೊರಗೆ ಬರುವಾಗ ಅವನು ಮುಳುಗಿರುತ್ತಾನೆ. ಅಂಥ ಕಡೆಗೆ ಪೀಪಿಯನ್ನು ಕರೆದುಕೊಂಡು ಹೋದವಳು ತಾನೇ. "ಮನೇಲಿ ಕೂತು ಏನ್ ಮಾಡ್ತೀಯ, ನನ್ನ ಜೊತೆಗೇ ಇರ್ತೀಯ, ಕೂತ್ಕೊಂಡು ಕೀಳೋ ಕೆಲಸ" ಎಂದು. ಕೂತು ಕೀಳುವ ಕೆಲಸವೇನೋ ನಿಜ. ಪೀಪಿಗೆ ಬೆರಳೇ ಕಣ್ಣಾಗಿತ್ತು. ಬ್ಯಾಟರಿ ಆರಿದರೂ ಗೊಂಚಲಿನ ಅಂಚನ್ನು ಸವರಿ, ಇದು ಇವತ್ತು, ಇದು ನಾಳೆ, ಎಂದು ಹೇಳಿಬಿಡುತ್ತಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, "ಕಟ್ಕೊಂಡ್ರೆ ನಾನು ಮಾತಾಡೋದು ನಿಮಗೆ ಕೇಳಲ್ಲ ಅತ್ತಿಗೆ, ಆಮೇಲೆ ನಿಮಗೇ ಬೇಜಾರು" ಅನ್ನುತ್ತಿದ್ದಳು. ಮತ್ತೆ ಸಿಳ್ಳೆ ಶುರುವಾಗುತ್ತಿತ್ತು. ಕತ್ತಲೆಯಲ್ಲಿ ಅವಳೆಲ್ಲಿದ್ದಾಳೆಂದು ಹುಡುಕಬೇಕಾಗಿರಲಿಲ್ಲ.

ಇದೇ ಕಾರಿಡಾರಿನಲ್ಲಿ, ಆ ನೆಟ್ಟಗಿರುವ ಬೆಂಚಿನಲ್ಲಿ, ಇಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು ಆವತ್ತು. ಒಳಗೆ ಡಾಕ್ಟರಮ್ಮ ರಕ್ತದ ಕಾಗದ ನೋಡಿ, "ಡಿ ವಿಟಮಿನ್ ತೀರಾ ಕಮ್ಮಿ ಇದೆಯಲ್ಲಮ್ಮ. ಬಿಸಿಲನ್ನೇ ನೋಡದವರ ಹಾಗೆ" ಎಂದರು. ಪೀಪಿ ಅಂದಳು, "ನೋಡ್ತೀವಿ ಡಾಕ್ಟ್ರೇ, ವಾರಕ್ಕೊಂದ್ಸಲ. ಕೋಣೆ ಖಾಲಿ ಮಾಡೋ ದಿನ. ಅವತ್ತು ಸೂರ್ಯನೇ ನಮ್ಮನ್ನ ನೋಡಿ ಯಾರಪ್ಪಾ ಇವರು ಅಂತಾನೆ." ಡಾಕ್ಟರಮ್ಮನಿಗೆ ನಗು ಬಂತು. ಕಂದು ಬಣ್ಣದ ಪಂಪನ್ನು ಅಲ್ಲಾಡಿಸಿ, ಬಾಯಿಗಿಟ್ಟು, ಹೇಗೆ ಎಳೆಯಬೇಕೆಂದು ತೋರಿಸಿದರು. "ಬೆಳಗ್ಗೆ ಎರಡು, ಸಂಜೆ ಎರಡು. ಸಿಳ್ಳೆ ಇರಲಿ ಬಿಡಲಿ, ದಿನಾ. ಐವತ್ತು ದಿನಕ್ಕೆ ಬರುತ್ತೆ. ನೀಲಿ ಪಂಪು ಉಬ್ಬಸ ಬಂದಾಗ ಮಾತ್ರ. ಇದು ವಾರಕ್ಕೊಂದು ಮಾತ್ರೆ, ಎಂಟು ವಾರ, ಬಿಸಿಲಿನ ಬದಲು ಅಂದ್ಕೋ. ಎಂಟು ಮುಗಿದ ಮೇಲೆ ಬಾ, ರಕ್ತ ನೋಡೋಣ." ಅವರು ಹೇಳಿದ್ದರು. ಇರಲಿ ಬಿಡಲಿ ಎಂದು ಹೇಳಿದ್ದರು. ಅದು ಕಿವಿಗೆ ಬಿದ್ದದ್ದು ಅವಳಿಗೆ ಈಗಲೂ ನೆನಪಿದೆ, ಬಿದ್ದ ಮೇಲೆ ಎಲ್ಲಿಗೆ ಹೋಯಿತು ಎಂಬುದು ಮಾತ್ರ ತಿಳಿಯದು. ಹೊರಗೆ ಬಂದಾಗ ಕಿವಿಯಲ್ಲಿ ಉಳಿದದ್ದು ಬಿಸಿಲು ಎಂಬ ಒಂದು ಮಾತು. ಶೆಡ್ಡಿನಲ್ಲಿ ಹಸಿರು ಬೂಷ್ಟು ಹಿಡಿದ ಚೀಲಕ್ಕೆ ಕೊನೆಯ ಮದ್ದು ಬಿಸಿಲು. ಹೊರಗೆ ಹಾಕಿ ಎರಡು ದಿನ ಕಾಯಿಸಿದರೆ ಎಂಥ ಬೂಷ್ಟೂ ಸತ್ತು ಬೂದಿಯಾಗುತ್ತದೆ. ಹಾಗಾದರೆ ಇವಳ ಎದೆಯೊಳಗೆ ಇಷ್ಟು ವರ್ಷದಿಂದ ಹಿಡಿದಿರುವುದಕ್ಕೆ ಒಳಗೇ ಬಿಸಿಲು ಕಳಿಸಿದರೆ! ಎಷ್ಟು ಸರಳ, ಇಷ್ಟು ದಿನ ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದಳು. ಪೀಪಿ ಮಾತ್ರೆಯ ಪಟ್ಟಿಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತ, "ಹೌದು ಅತ್ತಿಗೆ, ಒಳಗೆ ಬೆಳಕಿದೆ" ಎಂದಿದ್ದಳು.

ಮಾತ್ರೆಗೆ ಅವಳು ದಿನ ಗೊತ್ತುಮಾಡಿದ್ದಳು. ಕೋಣೆ ಖಾಲಿ ಮಾಡುವ ದಿನ. ಮೂರು ಕೊಯ್ಲು ಮುಗಿದ ಚೀಲಗಳನ್ನು ಇಳಿಸಿ, ಹೊತ್ತು, ಶೆಡ್ಡಿನ ಹಿಂದಿನ ಬಯಲಿಗೆ ಎಸೆಯುವ ದಿನ. ಅವತ್ತು ಬೆಳಿಗ್ಗೆ ಪೀಪಿ ಕೈ ಚಾಚುತ್ತಿದ್ದಳು, ಅತ್ತಿಗೆ ಪಟ್ಟಿ ಒತ್ತುತ್ತಿದ್ದಳು, ಟಕ್ ಎಂದು ಮಾತ್ರೆ ಅಂಗೈಗೆ ಬೀಳುತ್ತಿತ್ತು. ಮೊದಲನೆಯದು. ಎರಡನೆಯದು. ಮೂರನೆಯ ಮಾತ್ರೆಯ ಮಾರನೆಯ ದಿನ ಎರಡನೆಯ ಕೋಣೆಯಲ್ಲಿ ಇಬ್ಬರೂ ಕೀಳುತ್ತಿದ್ದಾಗ ಅವಳಿಗೆ ಏನೋ ಇಲ್ಲ ಅನ್ನಿಸಿತು. ಕೈ ನಿಲ್ಲಿಸಿದಳು. ಹನಿ ಬೀಳುವ ಸದ್ದು, ಆಚೆ ಕೋಣೆಯಲ್ಲಿ ಯಾರೋ ಕೆಮ್ಮಿದ ಸದ್ದು. "ಪೀಪೀ?" ಎಂದು ಗಾಬರಿಯಿಂದ ಕರೆದಳು. "ಇಲ್ಲೇ ಇದೀನಿ." "ಮತ್ತೆ ಸದ್ದೇ ಇಲ್ಲ?" ಕತ್ತಲೆಯಲ್ಲಿ ಪೀಪಿಯೂ ಒಂದು ಕ್ಷಣ ತನ್ನ ಉಸಿರನ್ನು ತಾನೇ ಆಲಿಸಿದಳು. ಆಮೇಲೆ ಮೆಲ್ಲಗೆ ನಕ್ಕಳು. "ಊದೋನು ಊಟಕ್ಕೆ ಹೋಗಿದಾನೆ ಅತ್ತಿಗೆ." ಇಬ್ಬರೂ ಬುಟ್ಟಿ ಕೆಳಗಿಟ್ಟು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅವಳು ಪೀಪಿಯ ಬೆನ್ನಿಗೆ ಕಿವಿಯಿಟ್ಟಳು. ಇಪ್ಪತ್ತಾರು ವರ್ಷದ ಆ ಸಣ್ಣ ಬೆನ್ನಿನ ಹಿಂದೆ ಗಾಳಿ ಬರುತ್ತಿತ್ತು, ಹೋಗುತ್ತಿತ್ತು, ಬಾಗಿಲು ತೆರೆದಿಟ್ಟ ಮನೆಯೊಳಗೆ ಆಡುವ ಹಾಗೆ. ಅವತ್ತು ಸಂಜೆ...

"ನಲವತ್ತೊಂದು! ನಲವತ್ತೊಂದು ಯಾರು, ಕಿವಿ ಕೇಳ್ಸಲ್ವಾ?"

ಅವಳು ಎದ್ದಳು. ಬೆಂಚು ಕುಂಟಿತು, ಆ ತುದಿಯಲ್ಲಿ ಮಗು ಎತ್ತಿಕೊಂಡಿದ್ದವಳು "ಅಯ್ಯೋ, ನೋಡಿ ಏಳ್ಬಾರ್ದಾ" ಎಂದಳು. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಹಳದಿ ಕಾರ್ಡು ಕಸಿದುಕೊಂಡು ನೋಡಿ, ಅವಳನ್ನು ನೋಡಿ, ಮತ್ತೆ ಕಾರ್ಡು ನೋಡಿದಳು. "ಇಪ್ಪತ್ತಾರು ಅಂತಿದೆ. ನೀನಾ?" "ಅಲ್ಲ. ನನ್ನ ನಾದಿನಿ." "ಪೇಷೆಂಟ್ ಎಲ್ಲಿ?" ಅವಳು ಬಾಯಿ ತೆರೆದಳು. ಬೆಂಚಿನವರು, ಗೋಡೆಗೊರಗಿದವರು, ಎಲ್ಲರ ಕಣ್ಣೂ ಕೆಲಸವಿಲ್ಲದೆ ಅವಳ ಮೇಲೆ ಬಂದು ಕೂತಿದ್ದವು. "ಬಂದಿಲ್ಲ" ಎಂದಳು. "ಬಂದಿಲ್ಲ ಅಂದ್ರೆ? ರಕ್ತ ಪರೀಕ್ಷೆಗೆ ಬರೋದಕ್ಕೇ ಒಂದೂವರೆ ತಿಂಗಳು ಲೇಟು. ಈಗ ಪೇಷೆಂಟನ್ನ ಮನೇಲಿಟ್ಟು ಕಾರ್ಡು ಕಳಿಸಿದಾರೆ. ನಿನ್ನ ರಕ್ತ ತೆಗೀಲಾ ಅವಳದ್ದು ಅಂತ?" ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವಳಿಗೂ ತುಟಿ ತುಸು ಹಿಗ್ಗಿತು, ಜನ ನಕ್ಕಾಗ ನಗುವ ಅಭ್ಯಾಸದಿಂದ. ಹಿಗ್ಗಿದ್ದು ತಿಳಿದು ಮೈ ಸುಟ್ಟಂತಾಯಿತು. "ಡಾಕ್ಟರಮ್ಮನ ಹತ್ರ ಒಂದು ಮಾತು ಹೇಳಬೇಕಿತ್ತು" ಎಂದಳು. "ಮಾತಾ?" ಎಂದು ನರ್ಸಮ್ಮ ಬಾಗಿಲು ಬಿಟ್ಟು ಸರಿದಳು. "ಹೋಗು. ಬೇಗ ಮುಗಿಸು. ಹಿಂದೆ ಇಪ್ಪತ್ತು ಜನ ಇದಾರೆ."

ಡಾಕ್ಟರಮ್ಮ ಮೊದಲಿಗಿಂತ ಸಣ್ಣಗೆ ಕಂಡರು. ಮೇಜಿನ ಮೇಲೆ ಅರ್ಧ ಕುಡಿದ ಚಹಾದ ಲೋಟ, ಅದರ ಮೇಲೆ ಕೆನೆ ಕಟ್ಟಿತ್ತು. ಅವಳು ಕೂರಲಿಲ್ಲ. ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು, ಮನೆಯಿಂದ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಬಿಚ್ಚಿದಳು. "ನನ್ನ ನಾದಿನಿ ಹೋಗಿಬಿಟ್ಲು ಡಾಕ್ಟರಮ್ಮ. ಎರಡು ತಿಂಗಳಾಯ್ತು. ಉಬ್ಬಸ ಬಂದು. ನೀವು ಎಂಟು ಮಾತ್ರೆ ಕೊಟ್ಟಿದ್ರಿ. ಅವಳಿಗೆ ನಾಲ್ಕೇ ಕೊಟ್ಟೆ. ಮೂರು ನಾನು ನುಂಗಿದೆ."

ಹೇಳಿಬಿಟ್ಟೆ ಎಂದುಕೊಂಡಳು. ಕೋಣೆ ಹಾಗೇ ಇತ್ತು, ಫ್ಯಾನು ತಿರುಗುತ್ತಲೇ ಇತ್ತು. ಡಾಕ್ಟರಮ್ಮ ಕನ್ನಡಕ ತೆಗೆದು, "ಅಯ್ಯೋ, ಕೂತ್ಕೋಮ್ಮ" ಎಂದರು. ಅವಳು ಕೂರದೆ ಉಳಿದದ್ದನ್ನೂ ಹೇಳಿದಳು. ತನಗೆ ಸೊಂಟ ಹಿಡಿದಿತ್ತು, ತೊಡೆ ಮೂಳೆಯೊಳಗೆ ಯಾರೋ ಒತ್ತಿದ ಹಾಗೆ ನೋವು, ಮೇಲಿನ ಸಾಲಿನ ಚೀಲಕ್ಕೆ ಏಣಿ ಹತ್ತಲಿಕ್ಕಾಗುತ್ತಿರಲಿಲ್ಲ. ತಾನೂ ಹದಿನಾಲ್ಕು ವರ್ಷದಿಂದ ಬಿಸಿಲು ಕಾಣದವಳು. ಅವಳಿಗೆ ಹೇಗೂ ಎದೆ ಸರಿಹೋಗಿತ್ತಲ್ಲ. ಐದನೆಯ ವಾರ ಪಟ್ಟಿ ಹಿಡಿದುಕೊಂಡು ನೀರಿನ ಪೀಪಾಯಿಯ ಹಿಂದೆ ಹೋಗಿ ನುಂಗಿದ್ದು, ಪೀಪಿ ಬಂದು ಕೈ ಚಾಚಿದಾಗ, "ನಾಲ್ಕು ಸಾಕಂತೆ, ಮಿಕ್ಕಿದ್ದು ಆಮೇಲಂತೆ" ಎಂದು ಸುಳ್ಳು ಹೇಳಿದ್ದು, ಅವಳು "ಅಷ್ಟೇನಾ, ಟಕ್ ಅನ್ನೋದು ಚೆನ್ನಾಗಿತ್ತು" ಎಂದು ಚಾಚಿದ ಕೈಯನ್ನು ಬರಿದೇ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ನಕ್ಕಿದ್ದು. ಆರನೆಯದು. ಏಳನೆಯದು. ಏಳನೆಯದನ್ನು ನುಂಗಿದ ದಿನ ಮಧ್ಯಾಹ್ನವೇ ಅವಳು ಹೋದಳು. "ಆ ಮೂರು ಅವಳ ಹೊಟ್ಟೆಗೆ ಬಿದ್ದಿದ್ರೆ..." ಎಂದಳು.

"ನೋಡು ಇಲ್ಲಿ," ಎಂದರು ಡಾಕ್ಟರಮ್ಮ. ಮಾತನ್ನು ಮೆಲ್ಲಗೆ ಆಡುತ್ತಿದ್ದರು, ಮಕ್ಕಳಿಗೆ ತಲೆ ಬಾಚುವಾಗ ಸಿಕ್ಕನ್ನು ಬಿಡಿಸುವ ಹಾಗೆ. "ಆ ಮಾತ್ರೆ ಮೂಳೆಗೆ ಬೇಕಾದದ್ದು. ಅವಳ ರಕ್ತದಲ್ಲಿ ಕಮ್ಮಿ ಇತ್ತು, ಅದಕ್ಕೆ ಕೊಟ್ಟೆ. ಉಬ್ಬಸಕ್ಕೂ ಒಳ್ಳೇದಾಗಬಹುದು ಅಂತ ನಮಗೆಲ್ಲ ಒಂದು ಆಸೆ ಇತ್ತು. ತುಂಬಾ ಜನರಿಗೆ ಕೊಟ್ಟು ನೋಡಿದ ಮೇಲೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಮೂರಲ್ಲ, ಎಂಟೂ ಕೊಟ್ಟಿದ್ರೂ ಆವತ್ತಿನ ಉಬ್ಬಸವನ್ನ ಅದು ತಡೀತಿತ್ತು ಅಂತ ನಾನು ಹೇಳಲ್ಲ. ನೀನು ಅದನ್ನ ಮನಸ್ಸಿಗೆ ಹಚ್ಕೋಬೇಡ." ಪಟ್ಟಿಯನ್ನು ನೋಡಿ, "ನಿನಗೆ ಸೊಂಟ ನೋವು ಅಂತ ಆವತ್ತೇ ಹೇಳಿದ್ರೆ ನಿನಗೂ ಒಂದು ಪಟ್ಟಿ ಕೊಡ್ತಿದ್ನಲ್ಲಮ್ಮ" ಎಂದರು.

ಅವಳಿಗೆ ಮೊದಲು ಅರ್ಥವಾದದ್ದು ಈ ಕೊನೆಯ ಮಾತು. ಕೇಳಿದ್ದರೆ ಕೊಡುತ್ತಿದ್ದರು. ಪೀಪಾಯಿಯ ಹಿಂದೆ ನಿಂತು, ನೀರೂ ಇಲ್ಲದೆ, ಗಂಟಲಿಗೆ ಅಂಟಿಕೊಂಡ ಮಾತ್ರೆಯನ್ನು ಉಗುಳು ನುಂಗಿ ನುಂಗಿ ಇಳಿಸಿದ್ದು. ಎರಡು ತಿಂಗಳಿಂದ ಎದೆಯ ಮೇಲೆ ಹೊತ್ತು ತಿರುಗಿದ ಕಲ್ಲನ್ನು ಯಾರೋ ಎತ್ತಿ, ಇದು ಕಲ್ಲಲ್ಲ, ಬೆಂಡು ಎಂದು ತೋರಿಸಿದ ಹಾಗಾಯಿತು. ಹಗುರವಾಗಬೇಕಿತ್ತು. ಆದರೆ ಆ ಕಲ್ಲು ಇದ್ದ ಜಾಗದ ಕೆಳಗೆ ಇನ್ನೇನೋ ಇದ್ದುದು ಈಗ ಬರಿಮೈಯಲ್ಲಿ ಕಾಣತೊಡಗಿತು. ಅದು ಅಲ್ಲಿದೆಯೆಂದು ತನಗೆ ಗೊತ್ತಿತ್ತು ಎನ್ನುವುದೂ ಕಂಡಿತು.

"ಚೀಲ ಎತ್ತಿದ್ದಕ್ಕಾ ಹಾಗಾದ್ರೆ?" ಎಂದು ಕೇಳಿದಳು. "ಆವತ್ತು ಹಳೇ ಚೀಲ ಹೊರಗೆ ಹಾಕ್ತಿದ್ವಿ. ಹುಡಿ ಜಾಸ್ತಿ. ನನ್ನ ಯಜಮಾನರು, ತಾನು ಎತ್ತು ಅಂದಿದ್ದಕ್ಕೇ ಅಂತ..."

"ಎದೆ ಹದದಲ್ಲಿ ಇದ್ದಿದ್ರೆ ಅಷ್ಟನ್ನ ತಡ್ಕೋತಿತ್ತೋ ಏನೋ. ಅದಕ್ಕೇ ನಾನೇ ಕೇಳೋಣ ಅಂತಿದ್ದೆ." ಡಾಕ್ಟರಮ್ಮ ಕಾರ್ಡು ಹತ್ತಿರ ಎಳೆದುಕೊಂಡು ಪೆನ್ನು ತೆಗೆದರು. "ಕಂದು ಪಂಪು ದಿನಾ ತಗೊಳ್ತಿದ್ಲಾ?"

ಅವತ್ತು ಸಂಜೆ, ಸಿಳ್ಳೆ ನಿಂತ ದಿನದ ಸಂಜೆ, ಪೀಪಿ ಕೈಕಾಲು ತೊಳೆದು ಬಂದು ಗೂಡಿನಿಂದ ಕಂದು ಪಂಪು ತೆಗೆದು ಅಲ್ಲಾಡಿಸಿದಳು. ಎರಡು ಎಳೆದಳು. ಬಾಯಿ ಮುಕ್ಕಳಿಸಿ ಬಂದಳು. "ಇನ್ನು ಇದು ಯಾಕೆ?" ಎಂದವಳು ತಾನು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಶೆಡ್ಡಿಗೆ ಸೇರಿದ ಮೊದಲ ವಾರ ತರಬೇತಿಯ ಮೇಷ್ಟ್ರು ಕಲಿಸಿದ್ದನ್ನು ಹದಿನಾಲ್ಕು ವರ್ಷದಿಂದ ಹೊಸಬರಿಗೆಲ್ಲ ತಾನೇ ಕಲಿಸುತ್ತ ಬಂದಿದ್ದಳು: ಚೆನ್ನಾಗಿರುವ ಕೋಣೆಗೆ ಔಷಧಿ ಹೊಡೆಯಬಾರದು. ಹೊಡೆದರೆ ಮೊಗ್ಗು ಕರಟುತ್ತದೆ, ಆಮೇಲೆ ನಿಜವಾಗಿ ರೋಗ ಬಂದಾಗ ಆ ಔಷಧಿ ನಾಟುವುದಿಲ್ಲ. "ಚೆನ್ನಾಗಿರೋ ಕೋಣೆಗೆ ಹೊಡೀತಾರೇನೇ? ಬಿಸಿಲಿನ ಮಾತ್ರೆ ಬುಡದಿಂದ ಕ್ಲೀನು ಮಾಡ್ತಿದೆ. ಇದನ್ನ ಎತ್ತಿಡು. ಮತ್ತೆ ಸಿಳ್ಳೆ ಬಂದ್ರೆ ತೆಗ್ಯೋಣ." ಪೀಪಿ ಪಂಪನ್ನೂ ಅತ್ತಿಗೆಯನ್ನೂ ನೋಡಿದಳು. "ಡಾಕ್ಟ್ರು ದಿನಾ ಅಂದಿದ್ರಲ್ವಾ ಅತ್ತಿಗೆ?" "ಡಾಕ್ಟ್ರಿಗೆ ಏನ್ ಗೊತ್ತು ನಿನ್ನ ಸಿಳ್ಳೆ ನಿಂತಿದ್ದು? ನೋಡಿದ್ರೆ ಅವರೇ ನಿಲ್ಸಿ ಅಂತಿದ್ರು." ಪೀಪಿ ತಲೆಯಾಡಿಸಿದಳು. ಏಳು ವರ್ಷದಿಂದ ಅತ್ತಿಗೆ ಹೇಳಿದ್ದಕ್ಕೆ ಅವಳು ತಲೆಯಾಡಿಸುತ್ತಲೇ ಬಂದಿದ್ದಳು. ಪಂಪನ್ನು ಒರೆಸಿ, ಸೂಜಿ ದಾರ ಇಡುವ ತಗಡಿನ ಡಬ್ಬಿಯೊಳಗೆ ಮಲಗಿಸಿ, ಮಗುವಿಗೆ ಹೇಳುವ ಹಾಗೆ, "ಮಲ್ಕೋ ನೀನು" ಎಂದು ಮುಚ್ಚಳ ಹಾಕಿದಳು.

"ಹೂಂ," ಎಂದಳು ಅವಳು. "ತಗೊಳ್ತಿದ್ಲು. ದಿನಾ."

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಕಾರ್ಡಿನಲ್ಲಿ ಏನೋ ಬರೆದರು. ಒಂದು ಸಾಲು. ಆಮೇಲೆ ಅದರ ಕೆಳಗೆ ಗೆರೆ ಎಳೆದು ಕಾರ್ಡನ್ನು ಮುಚ್ಚಿದರು. "ಕೆಲವು ಸಲ ಎಲ್ಲಾ ಸರಿಯಾಗಿ ಮಾಡಿದ್ರೂ ಹೀಗಾಗುತ್ತೆ. ಯಾರದ್ದೂ ತಪ್ಪಲ್ಲ. ನಿನ್ನ ಯಜಮಾನರಿಗೂ ಹೇಳು." ಹಳೆಯ ಪಟ್ಟಿಯನ್ನು ಕಸದ ಡಬ್ಬಿಗೆ ಹಾಕಲು ಕೈಗೆತ್ತಿಕೊಂಡರು. ಅವಳು ತಟಕ್ಕನೆ, "ಅದು ನನಗೆ ಬೇಕು" ಎಂದಳು.

ಹೊರಗೆ ಬಿಸಿಲು. ಶೆಡ್ಡಿಗೆ ಅರ್ಧ ದಿನದ ರಜೆ ಹೇಳಿದ್ದರಿಂದ ಈ ಹೊತ್ತಿನ ಬೀದಿ ಅವಳಿಗೆ ಹೊಸತು. ಟೈರಿನ ಅಂಗಡಿಯವನು ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದ, ಶಾಲೆಯ ಗೋಡೆಯ ಮೇಲೆ ಬೆಕ್ಕು ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ತಲೆಯ ಮೇಲೆ ಬಿಸಿಲು ಕೈಯಿಟ್ಟ ಹಾಗಿತ್ತು. ಆವತ್ತೂ ಹೀಗೇ ಇತ್ತು. ಪೀಪಿ ನಾಲ್ಕನೆಯ ಚೀಲ ಎಸೆದವಳು ಮತ್ತೆ ಒಳಗೆ ಹೋಗದೆ ರಾಶಿಯ ಮೇಲೆ ಕೂತುಬಿಟ್ಟಿದ್ದಳು, ಎರಡು ಕೈಯೂ ಮೊಣಕಾಲಿಗೆ ಊರಿ, ಭುಜ ಕಿವಿಯವರೆಗೆ ಏರಿಸಿ. ಹಿಂದಿನ ಎರಡು ದಿನದಿಂದ ಸಣ್ಣಗೆ ಸಿಳ್ಳೆ ಇತ್ತು. ಇತ್ತು. ತಾನು ಕೇಳಿದ್ದಳು. ಕೋಣೆ ಖಾಲಿ ಮಾಡುವ ಗಡಿಬಿಡಿ ಮುಗಿಯಲಿ, ಡಬ್ಬಿ ತೆಗೆಯೋಣ ಎಂದುಕೊಂಡಿದ್ದಳು. ನೀಲಿ ಪಂಪನ್ನು ಬಾಯಿಗೆ ಹಿಡಿದರು, ಒತ್ತಿದರು, ಮತ್ತೆ ಒತ್ತಿದರು. ಗಂಡ ಗಾಡಿ ತರಲು ಓಡಿದ. ವಿಚಿತ್ರವೆಂದರೆ ಆಮೇಲೆ ಸಿಳ್ಳೆ ನಿಂತಿತು. ನಿಂತಿತು ಎಂದು ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವಳಿಗೆ ಸಂತೋಷವಾಗಿತ್ತು. ಸಿಳ್ಳೆ ಹಾಕುವುದಕ್ಕೂ ಒಳಗೆ ಗಾಳಿ ಬೇಕು ಎಂಬುದು ಆಗ ಗೊತ್ತಿರಲಿಲ್ಲ. ಪೀಪಿಯ ಬೆರಳು, ಕತ್ತಲೆಯಲ್ಲಿ ಅಂಚು ಗುರುತಿಸುವ ಬೆರಳು, ಅವಳ ಮಣಿಕಟ್ಟನ್ನು ಹುಡುಕಿ ಹಿಡಿದಿತ್ತು. "ಬಿಡಬೇಡ ಅತ್ತಿಗೆ" ಎಂದಿದ್ದಳು. ಏಳು ವರ್ಷ ನೀವು ಎಂದೇ ಮಾತಾಡಿಸಿದವಳು. ಸುತ್ತಲೂ ಬೂಷ್ಟು ಹಿಡಿದ ಚೀಲಗಳು ಬಿಸಿಲಿಗೆ ಒಣಗುತ್ತಿದ್ದವು, ಮುಖದ ತುಂಬ ಬಿಸಿಲು ಬಿದ್ದಿತ್ತು, ರೆಪ್ಪೆಯ ಮೇಲಿನ ಬಿಳಿ ಹುಡಿ ಮಿನುಗುತ್ತಿತ್ತು.

ಯಾರದ್ದೂ ತಪ್ಪಲ್ಲ. ಟೈರಿನ ಅಂಗಡಿ ದಾಟುವವರೆಗೆ ಆ ಮಾತನ್ನು ಅವಳು ಬಾಯೊಳಗೆ ಇಟ್ಟುಕೊಂಡಿದ್ದಳು. ಕಾರ್ಡಿನಲ್ಲಿ ಬರೆದಾಗಿತ್ತು, ಕೆಳಗೆ ಗೆರೆ ಎಳೆದಾಗಿತ್ತು. ಇನ್ನು ಯಾರೂ ಕೇಳುವುದಿಲ್ಲ. ಡಬ್ಬಿಯನ್ನು ಕೆರೆಗೆ ಎಸೆದರೂ ಆಯಿತು. ಆಮೇಲೆ ಶಾಲೆಯ ಗೋಡೆಯ ಹತ್ತಿರ ಅವಳ ಕಾಲು ನಿಧಾನವಾಯಿತು. ಮಾತ್ರೆಯಿಂದ ಅಲ್ಲ. ಪಂಪು ದಿನಾ ತೆಗೆದುಕೊಂಡಿದ್ದಳು. ಹಾಗಾದರೆ ಉಳಿದದ್ದೇನು? ಉಳಿದದ್ದು ಚೀಲ. ಚೀಲ ಎತ್ತಮ್ಮಾ ಬೇಗ ಎಂದು ಕೂಗಿದವನು. ತಾನು ಆಡಿದ ಒಂದು "ಹೂಂ" ಹೋಗಿ ಕೂತದ್ದು ಕಾರ್ಡಿನಲ್ಲಲ್ಲ, ಅವನ ಹೆಗಲ ಮೇಲೆ. ಯಾರದ್ದೂ ತಪ್ಪಲ್ಲ ಎಂದು ಡಾಕ್ಟರು ಹೇಳಿದರೆಂದು ಅವನಿಗೆ ಹೇಳಬಹುದು. ಅವನು ತಲೆಯಾಡಿಸುತ್ತಾನೆ, ಅಣ್ಣ ತಂಗಿ ಇಬ್ಬರದೂ ಒಂದೇ ತರಹ ತಲೆಯಾಡಿಸುವುದು. ಮತ್ತೆ ನಾಳೆ ಚಪ್ಪಲಿ ಹಾಕುವಾಗ ಬಾಗಿಲಲ್ಲಿ ನಿಲ್ಲುತ್ತಾನೆ. ಹಬೆಯ ತಿರುಪನ್ನು ಸೀಟಿ ಹೊಡೆಯುವ ಮೊದಲೇ ಸಡಿಲಿಸಲು ಓಡುತ್ತಾನೆ. ಹೀಗೆ ಓಡುತ್ತಲೇ ಮುದುಕನಾಗುತ್ತಾನೆ.

ಅವನು ಮನೆಯಲ್ಲೇ ಇದ್ದ. ಊಟದ ಹೊತ್ತಿಗೆ ಬಂದವನು ಹೊಸ್ತಿಲ ಮೇಲೆ ಕೂತು, ಹುಲ್ಲಿನ ಕಂತೆ ಕಟ್ಟುವ ಹಗ್ಗದ ಗಂಟುಗಳನ್ನು ಬಿಚ್ಚುತ್ತಿದ್ದ. ಬಿಸಿನೀರು ಸಿಡಿದು ಕಲೆಯಾದ ಆ ಕೈಗಳು ಗಂಟಿನ ಮೇಲೆ ತಡವರಿಸುತ್ತಿದ್ದವು.

"ಏನಂದ್ರೇ?" ಎಂದ, ತಲೆಯೆತ್ತದೆ.

"ಆ ಮಾತ್ರೆ ಪೂರ್ತಿ ಕೊಟ್ಟಿದ್ರೂ ಏನೂ ಆಗ್ತಿರ್ಲಿಲ್ಲವಂತೆ."

"ಯಾಕಂತೆ?"

"ಅದು ಮೂಳೇದಂತೆ."

ಅವನು ಒಂದು ಗಂಟು ಬಿಚ್ಚಿದ. ಅದನ್ನು ನೇರ ಮಾಡಿದ. ಅವಳಿಗೆ ಗೊತ್ತಿತ್ತು, ಈಗ ಬರುತ್ತದೆ. ಬಂತು. "ಮತ್ತೆ ಚೀಲದ ವಿಷ್ಯ ಕೇಳ್ದ್ಯಾ?"

ಅವಳು ಅವನನ್ನು ದಾಟಿ ಒಳಗೆ ಹೋದಳು. ಗೂಡಿನಿಂದ ತಗಡಿನ ಡಬ್ಬಿ ಇಳಿಸಿದಳು. ಎರಡು ತಿಂಗಳಲ್ಲಿ ಒಂದು ಗುಂಡಿ ಹೊಲಿಯಲಿಕ್ಕೂ ತೆಗೆಯದ ಡಬ್ಬಿ. ಮುಚ್ಚಳ ಬಿಗಿದುಕೊಂಡಿತ್ತು, ಉಗುರು ಹಾಕಿ ಎಬ್ಬಿಸಬೇಕಾಯಿತು. ದಾರದ ಉಂಡೆಗಳ ನಡುವೆ ಅದು ಮಲಗಿಸಿದ ಹಾಗೇ ಮಲಗಿತ್ತು. ಹೊರಗೆ ಬಂದು, ಅವನ ಪಕ್ಕದಲ್ಲಿ ಕೂರದೆ, ಅವನೆದುರಿಗೆ, ಅಂಗಳದ ಬಿಸಿಲಿನಲ್ಲಿ ನೆಲದ ಮೇಲೆ ಕೂತಳು. ಹಗ್ಗವನ್ನು ಅವನ ಕೈಯಿಂದ ಬಿಡಿಸಿ, ಕಂದು ಪಂಪನ್ನು ಅಂಗೈಯಲ್ಲಿಟ್ಟಳು, ಅಂಕಿಯ ಕಿಂಡಿ ಮೇಲೆ ಬರುವ ಹಾಗೆ.

"ಓದಿ" ಎಂದಳು.

ಅವನು ಕಣ್ಣು ಸಣ್ಣ ಮಾಡಿ, ಪಂಪನ್ನು ದೂರ ಹಿಡಿದು ಓದಿದ. "ನೂರ ಮೂವತ್ತಾರು. ಏನಿದು?"

"ಅಷ್ಟು ಉಳಿದಿದೆ. ಇನ್ನೂರು ಇತ್ತು. ದಿನಕ್ಕೆ ನಾಲ್ಕು ತಗೋಬೇಕಿತ್ತು ಅವಳು. ಹದಿನಾರು ದಿನ ತಗೊಂಡ್ಲು." ಸ್ವರ ತನ್ನದೇ ಎಂದು ಅನ್ನಿಸಲಿಲ್ಲ, ಕೊಯ್ಲಿನ ಹಲಗೆಯ ಮುಂದೆ ನಿಂತು ಲೆಕ್ಕ ಒಪ್ಪಿಸುವವಳ ಸ್ವರ. "ಸಿಳ್ಳೆ ನಿಂತಿತ್ತು. ಇನ್ನು ಯಾಕೆ, ಎತ್ತಿಡು ಅಂದೆ. ಚೆನ್ನಾಗಿರೋ ಕೋಣೆಗೆ ಹೊಡೀತಾರಾ ಅಂದೆ. ಡಾಕ್ಟ್ರು ದಿನಾ ಅಂದಿದ್ರಲ್ವಾ ಅಂತ ಕೇಳಿದ್ಲು ಅವಳು. ಆದ್ರೂ ಅಂದೆ. ಅದಾದ ಮೇಲೆ ಇಪ್ಪತ್ತಾರು ದಿನ ಇದ್ಲು. ಇವತ್ತು ಡಾಕ್ಟರಮ್ಮ ಕೇಳಿದಾಗ ದಿನಾ ತಗೊಳ್ತಿದ್ಲು ಅಂತ ಸುಳ್ಳು ಹೇಳಿ ಬಂದೆ. ನೀವು ಎತ್ತು ಅಂದಿದ್ದಕ್ಕಲ್ಲ. ಎದೆ ಹದದಲ್ಲಿದ್ದಿದ್ರೆ ಅಷ್ಟನ್ನ ತಡ್ಕೋತಿತ್ತೋ ಏನೋ ಅಂದ್ರು. ನೀವಲ್ಲ."

ಅವನು ಏಳಲಿಲ್ಲ. ಕೈ ಎತ್ತಲಿಲ್ಲ. ಬೈಯಲೂ ಇಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು. ಅವನು ಪಂಪಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ, ಕಿಂಡಿಯನ್ನು ಮತ್ತೆ ನೋಡಿದ, ಅಂಕಿ ಬದಲಾಗಿರಬಹುದು ಎಂಬಂತೆ. ಆಮೇಲೆ ಅದನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದ. ಒಳಗೆ ಏನೋ ತುಳುಕುವ ಸದ್ದು, ಸಣ್ಣದು, ಅವಳಿಗೂ ಕೇಳಿಸಿತು. ಅವನು ಇನ್ನೊಮ್ಮೆ ಅಲ್ಲಾಡಿಸಿದ. ತಂಗಿಯ ಎದೆಗೆ ಕಿವಿಗೊಟ್ಟ ಹನ್ನೆರಡು ವರ್ಷದ ಹುಡುಗನ ಹಾಗೆ ತಲೆ ಓರೆ ಮಾಡಿ ಬಹಳ ಹೊತ್ತು ಕೇಳಿದ.

"ಇನ್ನೂ ತುಂಬಾ ಇದೆಯಲ್ಲೇ" ಎಂದ.